ಇಪ್ಪತ್ನಾಲ್ಕರಿಂದ ಭಾಗಿಸಿದ ಕಾರು

ನಮ್ಮ ಹಜಾರದ ಶೋಕೇಸಿನಲ್ಲಿ, ಮದುವೆ ಫೋಟೊಕ್ಕೂ ತಿರುಪತಿಯಿಂದ ತಂದ ಪಟಕ್ಕೂ ನಡುವೆ, ಒಂದು ಗೇಣಿಗಿಂತ ಚಿಕ್ಕದಾದ ಮರೂನ್ ಬಣ್ಣದ ಕಾರಿದೆ. ಬಂದವರು “ಮಗನದಾ?” ಅಂತ ಕೇಳುತ್ತಾರೆ. ನನ್ನದು ಅಂದರೆ ಸುಮ್ಮನಾಗಿ ಕಾಫಿ ಕುಡಿಯುತ್ತಾರೆ. ಹೆಂಡತಿ ಮಾತ್ರ ಬಿಡುವುದಿಲ್ಲ. “ಹದಿನಾಲ್ಕು ತಿಂಗಳು ತಗೊಂಡ್ರು ಅದಕ್ಕೆ. ನಮ್ಮ ಮಗಳು ಒಂಬತ್ತೇ ತಿಂಗಳಿಗೆ ಬಂದ್ಲು” ಎನ್ನುತ್ತಾಳೆ.

ಅದು ನಿಸ್ಸಾನ್ ಫೇರ್‌ಲೇಡಿ 240 ಝಡ್‌ಜಿ. ಲೋಕಕ್ಕೆಲ್ಲ ಡಾಟ್ಸನ್ 240 ಝಡ್ ಎಂದು ಗೊತ್ತಿರುವ ಕಾರಿನ ಉದ್ದಮೂತಿಯ ರೂಪ; 1971ರಲ್ಲಿ ಜಪಾನಿನಲ್ಲಿ ಮಾತ್ರ ಮಾರಾಟಕ್ಕೆ ಬಂತು. ನಿಜವಾದ ಕಾರಿನ ಉದ್ದ 4,305 ಮಿಲಿಮೀಟರ್. ಅದನ್ನು 24ರಿಂದ ಭಾಗಿಸಿದರೆ 179 ಚಿಲ್ಲರೆ. ನನ್ನದನ್ನು ಅಳೆದು ನೋಡಿ, ಅಷ್ಟೇ ಇದೆ. ಎಲ್ಲವನ್ನೂ ಹೀಗೆ 24ರಿಂದ ಭಾಗಿಸುತ್ತ ಹೋದರೆ ಕಾರು ತಾನಾಗಿ ಆಗಿಬಿಡುತ್ತದೆ ಅಂತ ನಾನು ತಿಳಿದಿದ್ದೆ. ಇಂಜಿನಿಯರಿಂಗ್ ಓದಿದವರಿಗೆ ಇಂಥ ಭ್ರಮೆಗಳು ಸಹಜ.

2009ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಎಂಟು ತಿಂಗಳ ತರಬೇತಿಗೆಂದು ಜಪಾನಿಗೆ ಕಳಿಸಿತ್ತು. ವಾಸ ಕಾವಸಾಕಿಯಲ್ಲಿ. ಊಟ ಅಂದರೆ ಅನ್ನ, ಮೊಸರು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಒಂದು ಭಾನುವಾರ ಬೆಳಿಗ್ಗೆ ಅಲ್ಲಿನ ಸಹೋದ್ಯೋಗಿಯೊಬ್ಬರು ತಮ್ಮ ಕಾರಿನಲ್ಲಿ ಡೈಕೊಕುಗೆ ಕರೆದುಕೊಂಡು ಹೋದರು. ಯೊಕೊಹಾಮಾ ಬಂದರಿನ ಹತ್ತಿರ ಎಕ್ಸ್‌ಪ್ರೆಸ್‌ವೇಗಳು ಜಿಲೇಬಿಯ ಹಾಗೆ ಸುತ್ತಿಕೊಂಡಿವೆ. ಆ ಸುತ್ತುಗಳ ಮಧ್ಯದಲ್ಲಿರುವ ವಾಹನ ತಂಗುದಾಣವೇ ಡೈಕೊಕು. ನಡೆದು ಹೋಗುವ ದಾರಿಯಿಲ್ಲ, ಕಾರಿದ್ದವರಿಗಷ್ಟೇ ಪ್ರವೇಶ. ವಾರದ ಕೊನೆಯಲ್ಲಿ ಕಾರಿನ ಹುಚ್ಚರೆಲ್ಲ ಅಲ್ಲಿ ಸೇರುತ್ತಾರೆ. ಗದ್ದಲ ಜಾಸ್ತಿಯಾದರೆ ಪೊಲೀಸರು ಬಂದು ಎಲ್ಲರನ್ನೂ ಎಬ್ಬಿಸಿ ಕಳಿಸಿ ಬಾಗಿಲು ಹಾಕುತ್ತಾರಂತೆ. ನಮ್ಮ ಊರಿನ ಸಂತೆಯಲ್ಲಿ ಎತ್ತಿನ ಸುತ್ತ ಜನ ನಿಲ್ಲುವುದಿಲ್ಲವೇ, ಹಲ್ಲು ನೋಡುತ್ತ, ಬೆನ್ನು ಸವರುತ್ತ, ಕೊಳ್ಳುವ ಉದ್ದೇಶವಿಲ್ಲದಿದ್ದರೂ? ಹಾಗೇ.

ಅಲ್ಲಿ ಆ ಕಾರು ಇತ್ತು. ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿ ಕುಳಿತ ಮರೂನ್ ಫೇರ್‌ಲೇಡಿ. ಚಕ್ರದ ಮೇಲೆ ರಿವೆಟ್ ಹೊಡೆದು ಕೂರಿಸಿದ ಅಗಲದ ಫೆಂಡರುಗಳು, ಅವುಗಳ ಕೆಳಗೆ ಎಂಟು ಕಡ್ಡಿಯ ಕಪ್ಪು ವತಾನಬೆ ಚಕ್ರಗಳು. ಮಾಲೀಕರಿಗೆ ಎಪ್ಪತ್ತರ ಹತ್ತಿರ ವಯಸ್ಸು. ತಲೆಗೆ ಟವಲು ಸುತ್ತಿಕೊಂಡು ಕ್ಯಾನ್ ಕಾಫಿ ಕುಡಿಯುತ್ತಿದ್ದರು. ನಾನು ಎರಡು ಸಲ ಸುತ್ತು ಹಾಕಿದ್ದು ನೋಡಿ, ಏನೂ ಮಾತಾಡದೆ ಬಾನೆಟ್ ಎತ್ತಿದರು.

ಕಂಪನಿಯಿಂದ ಬಂದಾಗ ಆ ಕಾರಿಗೆ 2,393 ಸಿಸಿಯ ಆರು ಸಿಲಿಂಡರಿನ ಇಂಜಿನ್, ಎರಡು ಕಾರ್ಬುರೇಟರ್. ಇವರದರಲ್ಲಿ ಜೋಡಿಬಾಯಿಯ ಮೂರು ಸೋಲೆಕ್ಸ್ ಕಾರ್ಬುರೇಟರುಗಳು ಸಾಲಾಗಿ ಕೂತಿದ್ದವು. ಅವುಗಳ ಬಾಯಿಗೆ ಆರು ಹಿತ್ತಾಳೆ ಬಣ್ಣದ ಕೊಳವೆಗಳು, ಮದುವೆ ವಾಲಗದವರು ಒಟ್ಟಿಗೆ ನಿಂತ ಹಾಗೆ. ಇಂಜಿನ್ ಎಷ್ಟು ಸಿಸಿ ಅಂತ ಕೇಳಿದೆ. ಬೆರಳಲ್ಲಿ ಮೂರು ತೋರಿಸಿ, ಆಮೇಲೆ ಇನ್ನೊಂದು ಬೆರಳನ್ನು ಬೇರೆಯಾಗಿ ತೋರಿಸಿದರು. ಮೂರು ಪಾಯಿಂಟ್ ಒಂದು ಲೀಟರ್. ಸಹೋದ್ಯೋಗಿ ಅನುವಾದಿಸುತ್ತ ಹೋದ ಹಾಗೆ ಗುಟ್ಟು ಗೊತ್ತಾಯಿತು. ನಿಸ್ಸಾನಿನದೇ 2.8 ಲೀಟರ್ ಡೀಸೆಲ್ ಇಂಜಿನ್ನಿನ ಕ್ರ್ಯಾಂಕ್ ತಂದು ಪೆಟ್ರೋಲ್ ಇಂಜಿನ್ನಿಗೆ ಹಾಕುತ್ತಾರೆ, ಸ್ಟ್ರೋಕ್ 83 ಮಿಲಿಮೀಟರ್ ಆಗುತ್ತದೆ, ಬೋರನ್ನು 89ಕ್ಕೆ ಕೊರೆಸುತ್ತಾರೆ. ಲೆಕ್ಕ ಹಾಕಿ ನೋಡಿ, 3,098 ಸಿಸಿ ಬರುತ್ತದೆ. ನನಗೆ ತಟ್ಟನೆ ನೆನಪಾದದ್ದು ನಮ್ಮಪ್ಪನ ಶೆಡ್ಡು. ಅಲ್ಲಿ ಪೆಟ್ರೋಲ್ ಅಂಬಾಸಡರಿಗೆ ಇಡೀ ಮ್ಯಾಟಡಾರ್ ಡೀಸೆಲ್ ಇಂಜಿನ್ನನ್ನೇ ಚೈನ್ ಬ್ಲಾಕಿನಲ್ಲಿ ಇಳಿಸುವುದನ್ನು ನೋಡಿ ಬೆಳೆದವನು ನಾನು. ಉದ್ದೇಶ ಬೇರೆ: ಇವರು ವೇಗಕ್ಕೆ ಮಾಡಿದ್ದು, ನಮ್ಮವರು ಮೈಲೇಜಿಗೆ. ಕೈ ಮಾತ್ರ ಒಂದೇ ಜಾತಿಯದು.

ಆಮೇಲೆ ಅವರು ಸ್ಟಾರ್ಟ್ ಮಾಡಿದರು. ಆ ಸದ್ದನ್ನು ಹೇಗೆ ಹೇಳಲಿ? ಸೈಲೆನ್ಸರಿನ ಸದ್ದಲ್ಲ ಅದು. ಆಕ್ಸಿಲರೇಟರ್ ಒತ್ತಿದಾಗ ಆ ಆರು ಕೊಳವೆಗಳು ಗಾಳಿ ಎಳೆದುಕೊಳ್ಳುವ ಸದ್ದು. ಖಾಲಿ ಡ್ರಮ್ಮಿಗೆ ಬಾಯಿಟ್ಟು ಯಾರೋ ಉಸಿರೆಳೆದ ಹಾಗೆ.

ಇಂಥ ಕಾರನ್ನು ಕೊಳ್ಳುವ ಮಾತೇ ಇಲ್ಲ. ಮುಂದಿನ ವಾರ ಶಿಂಕಾನ್ಸೆನ್ ಹತ್ತಿ ಶಿಜುವೊಕಕ್ಕೆ ಹೋದೆ. ಮಾಡೆಲ್ ಕಟ್ಟುವವರಿಗೆ ಅದು ಕಾಶಿ. ತಮಿಯಾ, ಹಸೆಗಾವಾ, ಫುಜಿಮಿ, ಅವೊಶಿಮಾ ಎಲ್ಲ ಆ ಒಂದೇ ಸೀಮೆಯವು. ಅಲ್ಲಿನ ದೇವಸ್ಥಾನ, ಕೋಟೆಗಳನ್ನು ಕಟ್ಟಲು ಬಂದ ಬಡಗಿಗಳು ಅಲ್ಲೇ ನೆಲೆಸಿದರಂತೆ. ಅವರಿಂದ ಮರಗೆಲಸ ಊರಿಗೆ ಅಂಟಿಕೊಂಡಿತು. ತಮಿಯಾ ಕೂಡ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರದಿಂದ. ಮರ ಕೊಯ್ಯುತ್ತ ಮರದ ಆಟಿಕೆ ಹಡಗು ಮಾಡಿದರು, 1960ರಲ್ಲಿ ಪ್ಲಾಸ್ಟಿಕ್ಕಿಗೆ ಇಳಿದರು. ನಮ್ಮ ಚನ್ನಪಟ್ಟಣದ ಅರಗಿನ ಬೊಂಬೆಯವರಿಗೆ ಯಾರಾದರೂ ಸಕಾಲಕ್ಕೆ ಒಂದು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ ಕೊಡಿಸಿದ್ದರೆ ಏನಾಗುತ್ತಿತ್ತೋ ಎಂದು ಅಂಗಡಿಯ ಮುಂದೆ ನಿಂತು ಯೋಚಿಸಿದೆ. ಬೊಂಬೆ ಹಾಳಾಗುತ್ತಿತ್ತು, ಬಿಡಿ.

ಝಡ್‌ಜಿಯ 1:24 ಕಿಟ್ ಸಿಕ್ಕಿತು. ಆದರೆ ಅದು ಬಾನೆಟ್ ತೆರೆಯದ ಕಿಟ್ಟು. ಒಳಗೆ ಇಂಜಿನ್ನೇ ಇಲ್ಲ. ಈ ಅಳತೆಯ ಜಪಾನಿ ಕಿಟ್ಟುಗಳು ಬಹಳಷ್ಟು ಹೀಗೇ, ಮೈ ಚೆಂದ, ಹೊಟ್ಟೆ ಖಾಲಿ. ನಾನು ನೋಡಿದ್ದು ಬಾನೆಟ್ಟಿನ ಕೆಳಗಿನದನ್ನು, ಕೊಂಡದ್ದು ಬಾನೆಟ್ಟನ್ನು. ಇನ್ನೊಂದು ತೊಂದರೆ ವಿಮಾನದ್ದು. ಬಣ್ಣದ ಸ್ಪ್ರೇ ಡಬ್ಬಿ, ಥಿನ್ನರ್ ಯಾವುದನ್ನೂ ಒಯ್ಯಲು ಬಿಡುವುದಿಲ್ಲ. ಹಾಗಾಗಿ ಕಿಟ್ಟು ಜಪಾನಿನದು, ಬಣ್ಣ ಜೆಸಿ ರಸ್ತೆಯದು ಅಂತಾಯಿತು. ಮುಂದಿನ ಅನಾಹುತಕ್ಕೆ ಬೀಜ ಬಿದ್ದದ್ದು ಅಲ್ಲೇ.

ಬೆಂಗಳೂರಿಗೆ ಬಂದು ತಾರಸಿಯ ಮೇಲಿನ ರೂಮಿನಲ್ಲಿ ಮೇಜು ಹಾಕಿದೆ. ಮೊದಲ ಕೆಲಸ ಬಾನೆಟ್ ಕೊಯ್ಯುವುದು. ಬ್ಲೇಡಿನ ಚೂಪು ಕಡೆಯಿಂದ ಕೊಯ್ದರೆ ಗೆರೆ ಓಡಿಹೋಗುತ್ತದೆ. ಚಾಕುವಿನ ಬೆನ್ನಿನಿಂದ ಗೀರಬೇಕು, ಒಂದೇ ಗೆರೆಯಲ್ಲಿ, ಒತ್ತಡ ಹಾಕದೆ, ಇನ್ನೂರು ಮುನ್ನೂರು ಸಲ. ಮೂರು ರಾತ್ರಿ ಹಿಡಿಯಿತು. ಕೊನೆಗೆ ಬಾನೆಟ್ಟು ಹಲ್ಲು ಬಿದ್ದ ಹಾಗೆ ಅಂಗೈಗೆ ಉದುರಿತು.

ಇಂಜಿನ್ನನ್ನು ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಕಡೆದೆ. ಅದರ ಕಥೆ ಬೇಡ, ಬೇಸರದ ಕೆಲಸ. ಕಾರ್ಬುರೇಟರಿನ ಕೊಳವೆಗಳ ಕಥೆ ಹೇಳುತ್ತೇನೆ. ಬಾಯಿ ಅಗಲ, ಬುಡ ಸಣ್ಣ, ಒಟ್ಟು ಎರಡೂವರೆ ಮಿಲಿಮೀಟರಿನೊಳಗೆ ಬರಬೇಕು, ಲೋಹದ್ದೇ ಆಗಬೇಕು, ಆರೂ ಒಂದೇ ಥರ ಇರಬೇಕು. ಒಂದು ತಿಂಗಳು ಹುಡುಕಿದೆ. ಒಂದು ಸಂಜೆ ಮಗಳ ಹೋಮ್‌ವರ್ಕ್ ನೋಡುತ್ತಿದ್ದಾಗ ಪೆನ್ನು ನಿಂತುಹೋಯಿತು. ಅವಳು ರಿಫಿಲ್ ತೆಗೆದು ಊದಿದಳು. ಆ ಹಿತ್ತಾಳೆ ಮೂತಿಯನ್ನು ನೋಡಿ ನಾನು ಕೂಗಿದ್ದಕ್ಕೆ ಅವಳು ಬೆಚ್ಚಿಬಿದ್ದಳು. ಬಾಲ್‌ಪೆನ್ ರಿಫಿಲ್ಲಿನ ಮೂತಿಯನ್ನು ಕಿತ್ತು, ಗುಂಡು ಇರುವ ತುದಿಯನ್ನು ಅರದಲ್ಲಿ ಉಜ್ಜಿ, ತಲೆಕೆಳಗು ಮಾಡಿ ನಿಲ್ಲಿಸಿದರೆ ಅದೇ ಕೊಳವೆ. ಮೂಲೆಯ ಸ್ಟೇಷನರಿ ಅಂಗಡಿಯವನಿಗೆ ನಾನು ಒಂದು ಡಜನ್ ರಿಫಿಲ್ ಮಾತ್ರ ಯಾಕೆ ಕೊಂಡೆ, ಪೆನ್ನು ಯಾಕೆ ಬೇಡ ಅಂದೆ ಅನ್ನುವುದು ಇವತ್ತಿಗೂ ಗೊತ್ತಿಲ್ಲ.

ಸ್ಪಾರ್ಕ್ ಪ್ಲಗ್ಗಿನ ವೈರಿನದು ಶುದ್ಧ ಭಾಗಾಕಾರ. ನಿಜವಾದ ವೈರು 7 ಮಿಲಿಮೀಟರ್, 24ರಿಂದ ಭಾಗಿಸಿದರೆ 0.29. ಎಸ್‌ಪಿ ರಸ್ತೆಯಲ್ಲಿ ಮೋಟಾರ್ ಸುತ್ತುವವರಿಗೆ ಮಾರುವ 31 ಗೇಜಿನ ವೈಂಡಿಂಗ್ ವೈರು ಕೂದಲೆಳೆ ವ್ಯತ್ಯಾಸವಿಲ್ಲದೆ ಅಷ್ಟೇ ದಪ್ಪ. ಅದನ್ನು ಡಿಸ್ಟ್ರಿಬ್ಯೂಟರಿಗೆ ಚುಚ್ಚುತ್ತ ಕೂತಿದ್ದಾಗ ಅಪ್ಪ ಮೊದಲ ಸಲ ತಾರಸಿ ಹತ್ತಿ ಬಂದರು.

ಅಪ್ಪ ಕಾರ್ ಪೇಂಟರ್. ಕಲಾಸಿಪಾಳ್ಯದ ಹಿಂದಿನ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ ಮೂವತ್ತೈದು ವರ್ಷ ಬಣ್ಣ ಹೊಡೆದವರು. ಅಂಬಾಸಡರ್, ಪದ್ಮಿನಿ, ಆಮೇಲೆ ಮಾರುತಿ. ಕಂಪ್ಯೂಟರಿನಲ್ಲಿ ಬಣ್ಣ ಕಲಸಿ ಬೂತಿನಲ್ಲಿ ಬೇಯಿಸುವ ಕಾಲ ಬಂದ ಮೇಲೆ ಕೆಲಸ ಬಿಟ್ಟರು. ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

“ವೈರು ಸುಮ್ನೆ ಚುಚ್ತಾ ಇದೀಯೋ, ಫೈರಿಂಗ್ ಆರ್ಡರ್ ನೋಡಿದೀಯೋ?”

“ನೋಡಿದೀನಪ್ಪಾ. ಒಂದು, ಐದು, ಮೂರು, ಆರು, ಎರಡು, ನಾಲ್ಕು.”

“ಹೂಂ. ಇಲ್ದಿದ್ರೆ ಸ್ಟಾರ್ಟ್ ಆಗಕಿಲ್ಲ.”

ನಗಲಿಲ್ಲ ಅವರು. ಭೂತಗನ್ನಡಿ ಈಸಿಕೊಂಡು ಒಳಗೆ ಬಗ್ಗಿ ನೋಡಿದರು. “ಕಾರ್ಬುರೇಟ್ರೂ ಸೈಲೆನ್ಸರ್ರೂ ಒಂದೇ ಕಡೆಗೈತಲ್ಲೋ. ನಮ್ಮ ಅಂಬಾಸಡರ್ ಇದ್ದಂಗೇ ಐತೆ.” ಅದು ನಿಜ. ಅಂಬಾಸಡರಿನ ಹಳೆಯ 1,489 ಸಿಸಿ ಬಿಎಂಸಿ ಇಂಜಿನ್ನಿನಲ್ಲೂ ಎರಡೂ ಒಂದೇ ಪಕ್ಕದಲ್ಲಿದ್ದವು. ಹಾಗೆ ನೋಡಿದರೆ ನಿಸ್ಸಾನಿನವರು 1952ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಅವರ ಕಾರುಗಳನ್ನು ಜೋಡಿಸಿಯೇ ಕೆಲಸ ಕಲಿತದ್ದು. ನಮ್ಮವರು ಮಾರಿಸ್ ಆಕ್ಸ್‌ಫರ್ಡನ್ನು ತಂದು ಅಂಬಾಸಡರ್ ಮಾಡಿದರು. ಒಂದೇ ಮನೆತನದಿಂದ ಹೆಣ್ಣು ತಂದ ಇಬ್ಬರು. ಒಬ್ಬರು ಹದಿನೇಳು ವರ್ಷದಲ್ಲಿ, 1969ಕ್ಕೆ, ಮೊದಲ ಝಡ್ ಕಾರು ಮಾಡಿದರು. ಇನ್ನೊಬ್ಬರು 2014ರವರೆಗೂ ಅದೇ ಅಂಬಾಸಡರ್ ಮಾಡಿದರು. ಅಪ್ಪನ ಮುಂದೆ ಹೀಗೆ ಹೇಳುವ ಧೈರ್ಯ ನನಗಿಲ್ಲ. ಅಂಬಾಸಡರ್ ನಮಗೆ ಅನ್ನ ಹಾಕಿದೆ.

“ಕನ್ನಡಿ ಯಾಕೋ ಫೆಂಡರ್ ಮ್ಯಾಗೆ?” ಅಂತ ಇನ್ನೊಂದು ದಿನ ಕೇಳಿದರು. ಜಪಾನಿನಲ್ಲಿ 1983ರವರೆಗೆ ಕನ್ನಡಿ ಬಾಗಿಲ ಮೇಲೆ ಹಾಕಲು ಕಾನೂನು ಬಿಡುತ್ತಿರಲಿಲ್ಲ ಅಂದೆ. ಅವರಿಗೆ ಖುಷಿಯಾಯಿತು. ಅಂಬಾಸಡರಿನ ಫೆಂಡರಿಗೆ ತೂತು ಕೊರೆದು ಕನ್ನಡಿ ಕೂರಿಸಿದ್ದನ್ನು, ಕೊರೆದ ತೂತಿಗೆ ರೆಡಾಕ್ಸೈಡ್ ಬಳಿಯದೆ ಬಿಟ್ಟ ಕೆಲಸದ ಹುಡುಗನಿಗೆ ಬೈದದ್ದನ್ನು ಹೇಳಿದರು. ಅಂದಿನಿಂದ ದಿನಾ ಸಂಜೆ ಐದಕ್ಕೆ ಬಂದು ಸ್ಟೂಲಿನ ಮೇಲೆ ಕೂರತೊಡಗಿದರು. ನಾನು ಕಾರಿನ ಪುರಾಣ ಹೇಳುತ್ತಿದ್ದೆ. ನಿಸ್ಸಾನ್ ಅಧ್ಯಕ್ಷ ಕವಮಾತಾ ‘ಮೈ ಫೇರ್ ಲೇಡಿ’ ನಾಟಕ ನೋಡಿ ಮೆಚ್ಚಿ ಕಾರಿಗೆ ಆ ಹೆಸರಿಟ್ಟದ್ದು. ಅಮೆರಿಕದಲ್ಲಿ ಮಾರಬೇಕಾದ ಕತಯಾಮಾ ಎಂಬಾತ ಈ ಹೆಸರಿಟ್ಟರೆ ಅಲ್ಲಿ ಯಾರೂ ಮೂಸಿ ನೋಡುವುದಿಲ್ಲ ಎಂದು ಬ್ಯಾಡ್ಜುಗಳನ್ನೇ ಕೀಳಿಸಿ 240 ಝಡ್ ಎಂದು ಹಾಕಿಸಿದ್ದು. ಆ ಕತಯಾಮಾ ನೂರೈದು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

“ನಮ್ಮ ದೇಶಕ್ಕೆ ಬಂದಿತ್ತಾ ಇದು?”

“ಬರಲಿಲ್ಲಪ್ಪಾ. ಆದ್ರೆ ನಮ್ಮವನೊಬ್ಬ ಓಡ್ಸಿ ಗೆದ್ದ.” ಶೇಖರ್ ಮೆಹ್ತಾನ ಕಥೆ ಹೇಳಿದೆ. ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದವನು. 1973ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿಯನ್ನು 240 ಝಡ್‌ನಲ್ಲಿ ಗೆದ್ದ, ಆಮೇಲೆ 1979ರಿಂದ 1982ರವರೆಗೆ ಸತತ ನಾಲ್ಕು ಸಲ ಅದೇ ರ‍್ಯಾಲಿಯನ್ನು ಬೇರೆ ಡಾಟ್ಸನ್ನುಗಳಲ್ಲಿ ಗೆದ್ದ. ಅಪ್ಪ ಸ್ವಲ್ಪ ಯೋಚಿಸಿ, “ಹಂಗಾದ್ರೆ ಇದಕ್ಕೆ ಕೆಸರು ಬಳೀಬೇಕಾಗಿತ್ತಲ್ಲೋ, ಬಣ್ಣ ಯಾಕೆ?” ಅಂದರು.

ಬಣ್ಣ. ಅಪ್ಪನ ಕ್ಷೇತ್ರ ಅದು. ನಾನು ಪೂರ್ತಿ ಅವರಿಗೇ ಬಿಟ್ಟೆ. ಅವರೇ ಜೆಸಿ ರಸ್ತೆಗೆ ಹೋಗಿ ಹಳೆಯ ಪರಿಚಯದ ಅಂಗಡಿಯಲ್ಲಿ ಮರೂನ್ ಮೆಟಾಲಿಕ್ ಕಲಸಿಸಿಕೊಂಡು, ಎನ್‌ಸಿ ಥಿನ್ನರಿನ ಡಬ್ಬಿ ಹಿಡಿದುಕೊಂಡು ಬಂದರು. “ಮೊದ್ಲು ಬಾನೆಟ್ ಮ್ಯಾಗೆ ನೋಡಾಣ” ಅಂದರು. ನನ್ನ ಪುಟ್ಟ ಏರ್‌ಬ್ರಷ್ ಅವರ ಕೈಯಲ್ಲಿ ಬೀಡಿಯ ಹಾಗೆ ಕಾಣುತ್ತಿತ್ತು. ಒಂದು ಒದ್ದೆ ಕೋಟು, ಈ ತುದಿಯಿಂದ ಆ ತುದಿಗೆ, ನಿಲ್ಲಿಸದೆ, ಎಂಥ ಹದ! ಕನ್ನಡಿಯ ಹಾಗೆ ಹೊಳೆಯಿತು. ಹತ್ತು ಎಣಿಸುವಷ್ಟರಲ್ಲಿ ಬಾನೆಟ್ಟಿನ ಮೇಲೆ ಸಣ್ಣ ಸಣ್ಣ ಬಿರುಕುಗಳು ಎದ್ದವು, ಬೇಸಿಗೆಯ ಕೆರೆಯಂಗಳದ ಹಾಗೆ. ಅಂಚು ಮೆತ್ತಗಾಗಿ ಬಾಗಿತು.

ತಗಡಿನ ಮೇಲೆ ಮೂವತ್ತೈದು ವರ್ಷ ಕೆಲಸ ಮಾಡಿದ ಥಿನ್ನರ್ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನಾನು. ಬಾಟಲಿಯ ಮೇಲೆ ಓದಿದ್ದೆ, ಪುಸ್ತಕದಲ್ಲೂ ಓದಿದ್ದೆ. ಅಪ್ಪ ಬಣ್ಣ ಹೊಡೆಯಲು ನಿಂತ ಮೇಲೆ ನಾನೇನು ಹೇಳುವುದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಅವರು ಏರ್‌ಬ್ರಷ್ಷನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಕೆಳಗಿಳಿದು ಹೋದರು. ಆ ರಾತ್ರಿ ಊಟಕ್ಕೆ ಕೂತಾಗಲೂ ಮಾತಿಲ್ಲ. ಮರುದಿನ ಐದಕ್ಕೆ ಬರಲಿಲ್ಲ.

ಮೂರನೆಯ ದಿನ ಆಫೀಸಿನಿಂದ ಬಂದು ತಾರಸಿಗೆ ಹೋದರೆ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಲೋಟದಲ್ಲಿ ನೀರು. ಮಗಳ ರಬ್ಬರಿಗೆ ವಾಟರ್ ಪೇಪರ್ ಸುತ್ತಿಕೊಂಡು ಬಾನೆಟ್ಟನ್ನು ಉಜ್ಜುತ್ತಿದ್ದರು. ಬಿರುಕಿಗೆ ಪುಟ್ಟಿ ತುಂಬಿಸಿ, ನಾನ್ನೂರರ ಪೇಪರು, ಎಂಟುನೂರರದು, ಆಮೇಲೆ ಸಾವಿರದ್ದು. ಮುಗಿಯಲು ಇನ್ನೂ ಎರಡು ದಿನ ಬೇಕಾಯಿತು. ಅಂಬಾಸಡರಿನ ಮಾಡಿನ ಮೇಲೆ ಭುಜದಿಂದ ಓಡಾಡುತ್ತಿದ್ದ ಕೈ ಈಗ ಬರೀ ಎರಡು ಬೆರಳಿನಲ್ಲಿ. ಮಧ್ಯೆ ಮಧ್ಯೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಅವರು ಯಾವಾಗಲೂ ಹಾಗೇ ನೋಡುತ್ತಿದ್ದದ್ದು. ಕಣ್ಣು ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ ಅನ್ನೋರು.

ಕೊನೆಗೆ ಇಬ್ಬರೂ ಸೇರಿ ದಾರಿ ಕಂಡುಕೊಂಡೆವು. ಮೊದಲು ನೀರಿನಲ್ಲಿ ಕರಗುವ ಅಕ್ರಿಲಿಕ್ ಪ್ರೈಮರ್, ಅದು ನನ್ನ ಕಡೆಯಿಂದ. ಅದರ ಮೇಲೆ ಡಸ್ಟ್ ಕೋಟು, ಅದು ಅವರ ಕಡೆಯಿಂದ: ಏರ್‌ಬ್ರಷ್ಷನ್ನು ದೂರ ಹಿಡಿದು, ಥಿನ್ನರ್ ದಾರಿಯಲ್ಲೇ ಆರಿಹೋಗಿ ಬಣ್ಣದ ಧೂಳು ಮಾತ್ರ ಬಂದು ಕೂರುವ ಹಾಗೆ ಹೊಡೆಯುವುದು. ಹತ್ತು ಕೋಟು ಹಾಗೆ. ಜುಲೈನ ಒಂದು ಮಳೆಯ ಸಂಜೆ ನಾನು ಅವಸರ ಮಾಡಿ ಒಂದು ಕೋಟು ಹೊಡೆದೆ. ಗಾಳಿಯ ತೇವಕ್ಕೆ ಬಣ್ಣವೆಲ್ಲ ಹಾಲಿನ ಕೆನೆಯಂತೆ ಬಿಳಿಚಿಕೊಂಡಿತು. “ಮಳೇಲಿ ಬಣ್ಣ ಹೊಡೆಯೋನು ಪೇಂಟರೇ ಅಲ್ಲ” ಎಂದು ಬೈಸಿಕೊಂಡೆ. ಸರಿಯಾಗಿ ಬೈದರು. ಮಾತು ಬಂದದ್ದೇ ಸಾಕಾಗಿತ್ತು ನನಗೆ.

ಭಾಗಾಕಾರ ಸೋತದ್ದು ಇಲ್ಲೇ. ಕಾರಿನ ಮೇಲಿನ ಬಣ್ಣದ ಪದರ ಹತ್ತಿರ ಹತ್ತಿರ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನನ್ನ ಮಾಡೆಲ್ಲಿನ ಮೇಲೂ ಬಣ್ಣ ಅಷ್ಟೇ ದಪ್ಪ ಕೂರುತ್ತದೆ, ಬಣ್ಣಕ್ಕೇನು ಗೊತ್ತು ಕಾರು ಚಿಕ್ಕದು ಅಂತ? ಅದನ್ನು ತಿರುಗಿ 24ರಿಂದ ಗುಣಿಸಿ: ಎರಡೂವರೆ ಮಿಲಿಮೀಟರಿನ ಹತ್ತಿರ, ಜೋಳದ ರೊಟ್ಟಿಯಷ್ಟು ದಪ್ಪದ ಬಣ್ಣ. ಬಾಗಿಲಿನ ಸಂದು ಮುಚ್ಚಿಹೋಗುತ್ತದೆ, ರಿವೆಟ್ಟುಗಳು ಮುಳುಗುತ್ತವೆ. ಮೆಟಾಲಿಕ್ ಪುಡಿಯೂ ಹಾಗೇ. ದೊಡ್ಡ ಕಾರಿನ ಮೇಲೆ ಬಿಸಿಲಿಗೆ ಮಿನುಗುವ ಪುಡಿ ಇದರ ಮೇಲೆ ಜಲ್ಲಿ ಹಾಸಿದ ಹಾಗೆ ಕಂಡಿತು. “ಪುಡಿ ಬ್ಯಾಡ, ಸಾದಾ ಮರೂನ್ ಸಾಕು” ಎಂದು ಅಪ್ಪ ತೀರ್ಮಾನ ಕೊಟ್ಟರು. ಡೈಕೊಕುವಿನ ಕಾರು ಮಿನುಗುತ್ತಿತ್ತು, ನನ್ನದು ಮಿನುಗುವುದಿಲ್ಲ. ಆ ಸದ್ದಂತೂ ಇಲ್ಲವೇ ಇಲ್ಲ. ಕಿವಿಯ ಹತ್ತಿರ ಹಿಡಿದರೆ ಒಳಗೆ ಎಲ್ಲೋ ಬಿಟ್ಟುಕೊಂಡ ಒಂದು ಚೂರು ಟಿಕ್ ಎನ್ನುತ್ತದೆ, ಅಷ್ಟೇ.

ಎಲ್ಲ ಜೋಡಿಸಿ ಮುಗಿದ ದಿನ ಕೆಳಗೆ ತಂದು ಅಪ್ಪನ ಕೈಯಲ್ಲಿಟ್ಟೆ. ಶೆಡ್ಡಿನಲ್ಲಿ ಗಾಡಿ ಹೊರಗೆ ಬಿಡುವ ಮುಂಚೆ ಅವರದೊಂದು ಪರೀಕ್ಷೆ ಇತ್ತು. ಬಣ್ಣದ ಮೇಲೆ ಟ್ಯೂಬ್‌ಲೈಟಿನ ಗೀಟು ಬೀಳುವ ಹಾಗೆ ನಿಂತು, ಮೆಲ್ಲಗೆ ಪಕ್ಕಕ್ಕೆ ಸರಿಯುತ್ತ ಹೋಗುವುದು. ಗೀಟು ನೆಟ್ಟಗೆ ಓಡಿದರೆ ಪುಟ್ಟಿ ಸರಿಯಾಗಿದೆ, ಅಲೆಯಾಡಿದರೆ ಉಜ್ಜಿದ್ದು ಸಾಲದು. ಈಗ ಅವರು ನಿಂತಲ್ಲೇ ನಿಂತು ಕಾರನ್ನು ಅಂಗೈಯಲ್ಲಿ ತಿರುಗಿಸಿದರು. ಕೂದಲಿನಷ್ಟು ಬಿಳಿಗೀಟು ಮೂತಿಯಿಂದ ಹೊರಟು ಬಾನೆಟ್ ದಾಟಿ, ಮಾಡು ಹತ್ತಿ, ಹಿಂದಕ್ಕೆ ಇಳಿಯಿತು. ಬಾನೆಟ್ಟಿನ ಮೇಲೆ ನೆಟ್ಟಗೆ ಹೋಯಿತು.

“ಬಲಗಡೆ ಹಿಂದ್ಲ ಫೆಂಡರ್ ಹತ್ರ ಒಡೀತೈತೆ ನೋಡು” ಅಂದರು.

ಅದು ನಾನು ಉಜ್ಜಿದ ಜಾಗ. ನಾಳೆ ಸರಿ ಮಾಡುತ್ತೇನೆ ಅಂದೆ, ಮಾಡಲಿಲ್ಲ. ಈಗಲೂ ಶೋಕೇಸಿನಿಂದ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಗೀಟು ಸರಿಯಾಗಿ ಅಲ್ಲೇ ಒಡೆಯುತ್ತದೆ.